ಜ್ಯೋತಿಗೆ ಕಾದು ನಿಂತ ಕೈ

ಕ್ರೀಡಾಜ್ಯೋತಿ ಕ್ಯಾಂಪಸ್ಸಿನ ಒಳಗೆ ಹಾದು ಹೋಗಬೇಕೋ, ಗೇಟಿನೆದುರಿನ ರಸ್ತೆಯಲ್ಲೇ ಸಾಗಿ ನೇರ ಮೈದಾನ ಸೇರಬೇಕೋ? ಅಥ್ಲೆಟಿಕ್ ಕೂಟಕ್ಕೆ ಮುಂಚಿನ ಸಭೆಯಲ್ಲಿ ಈ ಮಾತು ಪ್ರತಿ ವರ್ಷ ಏಳುತ್ತದೆ. ಒಳಗೆ ಬಂದರೆ ಪಾಠ ಕೆಡುತ್ತದೆ, ಹುಡುಗರು ಕೂಗೆಬ್ಬಿಸುತ್ತಾರೆ, ಬೆಂಕಿಯ ವಿಚಾರ ಬೇರೆ ಎನ್ನುವವರಿದ್ದಾರೆ. ಅವರು ಹೇಳುವುದರಲ್ಲಿ ಹುರುಳಿದೆ. ಆದರೂ ಕಾರವಾರದ ಒಂದು ಕಾಲೇಜಿನಲ್ಲಿ ಆಟೋಟದ ಹೊಣೆ ಹೊತ್ತವಳಾಗಿ ನಾನು ಯಾವತ್ತೂ ‘ಒಳಗೇ ಬರಲಿ’ ಎನ್ನುವ ಕಡೆಯವಳು. ಒಳಗೆ ಎಂದರೆ ಮುಖ್ಯ ದ್ವಾರದಿಂದ ಬಂದು ವೇದಿಕೆಯ ಮುಂದೆ ಒಂದು ಸುತ್ತು ಹಾಕಿ ಹೊರಟುಬಿಡುವುದಲ್ಲ. ಗ್ರಂಥಾಲಯದ ಮೆಟ್ಟಿಲ ಪಕ್ಕ, ಪ್ರಯೋಗಾಲಯದ ಕಿಟಕಿಗಳ ಕೆಳಗೆ, ಕ್ಯಾಂಟೀನಿನ ಹಿಂದೆ, ಹಾಸ್ಟೆಲ್ಲಿನ ಬಟ್ಟೆ ಒಣಗುವ ಅಂಗಳ ದಾಟಿ ಹೋಗಬೇಕು. ಅಲ್ಲಲ್ಲಿ ಕೈ ಬದಲಾಗಬೇಕು.

ಸಭೆಯಲ್ಲಿ ಇದಕ್ಕೆ ಕಾರಣ ಹೇಳಲು ಸಿಗುವುದು ಎರಡು ನಿಮಿಷ. ಇಲ್ಲಿ ಸಾವಕಾಶವಾಗಿ ಹೇಳುತ್ತೇನೆ.

ಮೊದಲು ಉರಿಯ ವಿಚಾರ. ನಮ್ಮಂಥ ಕಾಲೇಜುಗಳ ಪಂಜು ಸ್ಟೀಲ್ ಪೈಪಿನದು. ತುದಿಗೆ ಒಂದು ಬಟ್ಟಲು, ಬಟ್ಟಲಲ್ಲಿ ಗ್ಯಾರೇಜಿನಿಂದ ತಂದ ಕಾಟನ್ ವೇಸ್ಟು, ಅದಕ್ಕೆ ಎಣ್ಣೆ. ಬಟ್ಟಲಿನ ಕೆಳಗೊಂದು ಅಗಲದ ತಗಡು, ಬಿಸಿ ಎಣ್ಣೆ ಮುಂಗೈಗೆ ಇಳಿಯಬಾರದೆಂದು. ಸೀಮೆಎಣ್ಣೆ ಈಗ ಮೊದಲಿನ ಹಾಗೆ ಸಿಗುವುದಿಲ್ಲ. ಕೊಬ್ಬರಿ ಎಣ್ಣೆ ಬೆರೆಸಿದರೆ ಹೊಗೆ ಕಡಿಮೆ, ಉರಿ ನಿಧಾನ, ಹೊತ್ತಿಕೊಳ್ಳುವುದು ಮಾತ್ರ ತಡ. ಗಾಳಿಯ ಲೆಕ್ಕ ಇದಕ್ಕಿಂತ ದೊಡ್ಡದು. ಕಾರವಾರದಲ್ಲಿ ಘಟ್ಟ ಕಡಲಿಗೆ ತೀರ ಹತ್ತಿರ ಬಂದು ನಿಂತಿದೆ. ಬೆಳಗಿನ ಹೊತ್ತು ಗಾಳಿ ನೆಲದ ಕಡೆಯಿಂದ ಕಡಲಿಗೆ ಹೋಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲ ಗಾಳಿ ತಿರುಗಿ ಬೀಸತೊಡಗುತ್ತದೆ. ಮಧ್ಯಾಹ್ನದ ಮೇಲೆ ರವೀಂದ್ರನಾಥ ಟಾಗೋರ್ ಕಡಲತೀರದಿಂದ ಕೋಡಿಬಾಗದ ದಿಕ್ಕಿಗೆ ಪಂಜು ಹಿಡಿದು ಓಡಿದವರಿಗೆ ಗೊತ್ತು, ಉರಿ ಮುಖದತ್ತಲೇ ಬಾಗುತ್ತದೆ. ಹಾಗಾಗಿ ನಮ್ಮ ಓಟ ಬೆಳಿಗ್ಗೆಯೇ ಆಗಬೇಕು.

ನೂರು ಮೀಟರ್ ಓಟದಲ್ಲಿ ಮೊದಲು ಬರುವವರು ಪಂಜು ಹಿಡಿಯಲು ಒಳ್ಳೆಯವರಲ್ಲ ಎಂಬುದನ್ನೂ ಹೇಳಬೇಕು. ಅವರ ಕಾಲು ತಡೆದುಕೊಳ್ಳುವುದಿಲ್ಲ, ಉರಿ ಹಿಂದಕ್ಕೆ ಮಲಗಿ ನಂದುತ್ತದೆ. ಪಕ್ಕದವರ ಜೊತೆ ಮಾತಾಡುತ್ತ ಓಡಬಹುದಾದ ವೇಗ ಬೇಕು. ಮೊಣಕೈ ತುಸು ಮಡಚಿರಬೇಕು, ಪಂಜು ಗಾಳಿ ಹೋಗುವ ಬದಿಗೆ ಇರಬೇಕು. ಒಂದೇ ಪಂಜನ್ನು ಕೈಯಿಂದ ಕೈಗೆ ದಾಟಿಸುವುದು ಸುಲಭ, ಹೆಚ್ಚಿನ ಕಾಲೇಜುಗಳು ಹಾಗೇ ಮಾಡುತ್ತವೆ. ನಾನು ಎರಡು ಪಂಜು ಇಡುತ್ತೇನೆ. ಬಂದವಳು ನಿಲ್ಲುತ್ತಾಳೆ, ಕಾದವಳು ತನ್ನ ಪಂಜನ್ನು ಬಾಗಿಸುತ್ತಾಳೆ, ಎಣ್ಣೆ ಹೀರಿದ ಬಟ್ಟೆ ಒಮ್ಮೆ ಚಟಚಟ ಎಂದು ಹೊತ್ತಿಕೊಳ್ಳುತ್ತದೆ. ಆ ಕ್ಷಣದಲ್ಲಿ ಇಬ್ಬರ ಕೈಯಲ್ಲೂ ಬೆಂಕಿ ಇರುತ್ತದೆ. ಸುತ್ತ ನಿಂತವರು ಚಪ್ಪಾಳೆ ತಟ್ಟುವುದು ಆಗಲೇ, ಯಾರೂ ಹೇಳಿಕೊಡದೆ. ನನ್ನ ಮಟ್ಟಿಗೆ ಜ್ಯೋತಿಯ ಓಟದ ಜೀವ ಇರುವುದು ಅಲ್ಲಿ. ಓಡುವುದು ಆ ಜಾಗ ಮುಟ್ಟುವುದಕ್ಕಾಗಿ.

ಇದು ನನಗೆ ಒಲಿಂಪಿಕ್ಸ್ ನೋಡಿ ಬಂದ ತಿಳಿವಳಿಕೆಯಲ್ಲ. ನನ್ನ ತವರು ಸಿದ್ದಾಪುರದ ಕಡೆ. ಸಾಗರ, ಸೊರಬ, ಸಿದ್ದಾಪುರದ ಸೀಮೆಯಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಹಬ್ಬಾಡುವವರು ಬರುತ್ತಾರೆ. ಅಂಟಿಕೆ-ಪಂಟಿಕೆ ಎಂದು ಪುಸ್ತಕಗಳಲ್ಲಿ ಓದಿದವರು ಇರಬಹುದು. ಊರ ದೇವರ ಮುಂದೆ ಹೊತ್ತಿಸಿದ ದೀಪ ಹಿಡಿದು ಗಂಡಸರ ತಂಡವೊಂದು ಕತ್ತಲಲ್ಲಿ ಗದ್ದೆ ಬದು, ತೋಟದ ಸಂಕ ದಾಟಿ ಮನೆಯಿಂದ ಮನೆಗೆ ಹಾಡುತ್ತ ಹೋಗುತ್ತದೆ. ಬಾಗಿಲಲ್ಲಿ ಹಾಡು ಮುಗಿಯುವ ಹೊತ್ತಿಗೆ ಮನೆಯವರು ಆ ದೀಪದಿಂದ ತಮ್ಮ ಹಣತೆ ಹೊತ್ತಿಸಿಕೊಳ್ಳುತ್ತಾರೆ, ತಂಡದ ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅಕ್ಕಿ, ಅಡಿಕೆ, ಕಾಣಿಕೆ ಕೊಟ್ಟು ಕಳಿಸುತ್ತಾರೆ. ಹಬ್ಬ ಮುಗಿಯುವವರೆಗೆ ದೀಪ ಆರಬಾರದು. ಅದರ ಎಣ್ಣೆ ಯಾರ ಒಬ್ಬರ ಮನೆಯದೂ ಅಲ್ಲ, ದಾರಿಯಲ್ಲಿ ಸಿಕ್ಕ ಎಲ್ಲ ಮನೆಯದು. ಮಕ್ಕಳಾದ ನಾವು ಜಗಲಿಯಲ್ಲಿ ನಿದ್ದೆಗಣ್ಣಲ್ಲಿ ಕೂತು ನಾಯಿ ಬೊಗಳುವ ದಿಕ್ಕನ್ನು ಆಲಿಸುತ್ತಿದ್ದೆವು. ತಂಡ ಎಷ್ಟು ಮನೆ ಆಚೆ ಇದೆ ಎಂದು ಅದರಿಂದಲೇ ತಿಳಿಯುತ್ತಿತ್ತು. ಅಮ್ಮ ಎಣ್ಣೆಯ ಗಿಂಡಿಯನ್ನು ಸಂಜೆಯೇ ಹೊಸಿಲ ಹತ್ತಿರ ತಂದಿಡುತ್ತಿದ್ದಳು. ದೀಪ ಬರುವ ಮೊದಲೇ ಅದಕ್ಕೆ ಬೇಕಾದದ್ದು ಬಾಗಿಲಲ್ಲಿ ಸಿದ್ಧವಾಗಿರುವುದು, ಅದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಒಲಿಂಪಿಕ್ಸ್‌ನ ಜ್ಯೋತಿಯಾತ್ರೆ ಗ್ರೀಕರ ಕಾಲದಿಂದ ಬಂದದ್ದು ಎಂದು ನಮ್ಮ ವಿದ್ಯಾರ್ಥಿಗಳು ಪ್ರತಿ ವರ್ಷ ನಿರೂಪಣೆಯಲ್ಲಿ ಬರೆದುಕೊಂಡು ಬರುತ್ತಾರೆ. ಪ್ರತಿ ವರ್ಷ ಕೂರಿಸಿ ತಿದ್ದುತ್ತೇನೆ. ಪ್ರಾಚೀನ ಒಲಿಂಪಿಯದಲ್ಲಿ ಬಲಿಪೀಠದ ಮೇಲೆ ಬೆಂಕಿ ಇತ್ತು, ಅಥೆನ್ಸ್‌ನಲ್ಲಿ ಪಂಜಿನ ಓಟದ ಸ್ಪರ್ಧೆಯೂ ಇತ್ತು. ಆದರೆ ಒಂದು ಊರಿಂದ ಇನ್ನೊಂದು ಊರಿಗೆ ಜ್ಯೋತಿ ಒಯ್ಯುವ ಒಲಿಂಪಿಕ್ ಪದ್ಧತಿ ಅಲ್ಲಿರಲಿಲ್ಲ. ಆಧುನಿಕ ಕೂಟದಲ್ಲಿ ಜ್ಯೋತಿ ಉರಿದದ್ದು 1928ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅದನ್ನು ಒಲಿಂಪಿಯದಿಂದ ಹೊತ್ತು ತಂದದ್ದು 1936ರಲ್ಲಿ, ಹಿಟ್ಲರನ ಬರ್ಲಿನ್‌ಗೆ. ಯೋಜನೆ ಆ ಕೂಟದ ಮುಖ್ಯ ಸಂಘಟಕ ಕಾರ್ಲ್ ಡೀಮ್ ಅವರದು. ಜುಲೈ 20ರಂದು ಕನ್ನಡಿಯಿಂದ ಸೂರ್ಯನ ಕಿರಣ ಹಿಡಿದು ಹೊತ್ತಿಸಿದ ಬೆಂಕಿಯನ್ನು ಮೂರು ಸಾವಿರಕ್ಕೂ ಹೆಚ್ಚು ಜನ ಕೈಯಿಂದ ಕೈಗೆ ದಾಟಿಸಿ ಆಗಸ್ಟ್ 1ಕ್ಕೆ ಬರ್ಲಿನ್ ಮುಟ್ಟಿಸಿದರು. ಪಂಜುಗಳನ್ನು ಮಾಡಿಕೊಟ್ಟದ್ದು ಕ್ರುಪ್, ಫಿರಂಗಿ ಎರಕ ಹೊಯ್ಯುತ್ತಿದ್ದ ಕಂಪನಿ. ಗ್ರೀಸ್, ಬಲ್ಗೇರಿಯ, ಯುಗೊಸ್ಲಾವಿಯ, ಹಂಗೇರಿ, ಆಸ್ಟ್ರಿಯ, ಚೆಕೊಸ್ಲೊವಾಕಿಯ — ಇದು ಜ್ಯೋತಿ ಹಾದ ದಾರಿ. ಐದು ವರ್ಷ ಕಳೆಯುವುದರೊಳಗೆ ಇದೇ ನೆಲದ ಬಹುಪಾಲನ್ನು ಜರ್ಮನಿಯ ಸೇನೆ ತುಳಿದಿತ್ತು.

ಇದನ್ನು ಹೇಳಿದಾಗ ತರಗತಿಯ ಮುಖ ಸಪ್ಪಗಾಗುತ್ತದೆ. ‘ಹಾಗಾದರೆ ನಾವು ಯಾಕೆ ಓಡಬೇಕು ಮೇಡಂ?’ ಎಂದು ಒಬ್ಬಳು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಉತ್ತರವಾಗಿ ನಾನು ಮೂರು ಸಂಗತಿ ಹೇಳಿದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1948ರ ಲಂಡನ್ ಕೂಟಕ್ಕೆ ಮತ್ತೆ ಜ್ಯೋತಿ ಹೊರಟಿತು. ಮೊದಲ ಪಂಜು ಹಿಡಿದವನು ಗ್ರೀಸಿನ ಸೈನಿಕ ಡಿಮಿಟ್ರೆಲಿಸ್. ಅವನು ಆಯುಧ ಕೆಳಗಿಟ್ಟು, ಸಮವಸ್ತ್ರ ಕಳಚಿ, ಓಟಗಾರನ ಉಡುಪಿನಲ್ಲಿ ಪಂಜು ತೆಗೆದುಕೊಂಡ. ಆ ಹೊತ್ತಿನಲ್ಲಿ ಗ್ರೀಸಿನಲ್ಲೇ ಅಂತರ್ಯುದ್ಧ ನಡೆದಿತ್ತು.

ಎರಡನೆಯದು ವಿದ್ಯಾರ್ಥಿಗಳದು. 1956ರ ಮೆಲ್ಬರ್ನ್ ಕೂಟದ ಜ್ಯೋತಿ ನವೆಂಬರ್ 18ರಂದು ಸಿಡ್ನಿಗೆ ಬರುವುದಿತ್ತು. ಸಿಡ್ನಿ ವಿಶ್ವವಿದ್ಯಾಲಯದ ಒಂದು ಗುಂಪು ಕುರ್ಚಿಯ ಕಾಲಿಗೆ ಬೆಳ್ಳಿ ಬಣ್ಣ ಬಳಿದು, ತುದಿಗೆ ಪುಡಿಂಗಿನ ಖಾಲಿ ಡಬ್ಬಿ ಕೂಡಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಒಳಚಡ್ಡಿಯನ್ನು ಅದರಲ್ಲಿಟ್ಟು ಹೊತ್ತಿಸಿತು. ಮೊದಲು ಹಿಡಿದವ ದಾರಿಯಲ್ಲಿ ಬೆದರಿ ಬಿಟ್ಟು ಓಡಿದ. ಪಶುವೈದ್ಯ ಓದುತ್ತಿದ್ದ ಬ್ಯಾರಿ ಲಾರ್ಕಿನ್ ಅದನ್ನೆತ್ತಿಕೊಂಡು ಟೌನ್ ಹಾಲಿನವರೆಗೆ ಓಡಿ ಮೇಯರ್ ಪ್ಯಾಟ್ ಹಿಲ್ಸ್ ಕೈಗೆ ಕೊಟ್ಟೇಬಿಟ್ಟ. ಮೇಯರರು ಭಾಷಣ ಶುರು ಮಾಡಿದ ಮೇಲಷ್ಟೇ ಯಾರೋ ಕಿವಿಯಲ್ಲಿ ವಿಷಯ ಹೇಳಿದರು. ನಾಜಿಗಳ ಕೂಟದಲ್ಲಿ ಹುಟ್ಟಿದ ಆಚರಣೆಗೆ ಇಷ್ಟು ಭಯಭಕ್ತಿ ಯಾಕೆ ಎಂಬ ಸಿಟ್ಟು ಆ ಹುಡುಗರಲ್ಲಿತ್ತು. ಇದನ್ನು ಬರಿಯ ತುಂಟಾಟವೆಂದು ಹೇಳಿ ನಕ್ಕು ಬಿಡುವವರೇ ಹೆಚ್ಚು. ನನಗೆ ಇದರ ಮೇಲೆ ಗೌರವವಿದೆ. ವಿಶ್ವವಿದ್ಯಾಲಯದ ದಾರಿಯಲ್ಲಿ ಬೆಂಕಿ ಹೊರಟಾಗ ‘ಇದು ಎಲ್ಲಿಂದ ಬಂತು, ಯಾರು ಹೊತ್ತಿಸಿದರು’ ಎಂದು ಕೇಳುವವರು ಕೆಲವರಾದರೂ ಇರಬೇಕು.

ಮೂರನೆಯದನ್ನು ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. 1964ರ ಟೋಕಿಯೋ ಕೂಟದ ಜ್ಯೋತಿ ಏಷ್ಯಾದ ಊರುಗಳನ್ನು ಹಾದು, ನಮ್ಮ ದೆಹಲಿಯನ್ನೂ ಕಂಡು, ಅಕ್ಟೋಬರ್ 10ರಂದು ಕ್ರೀಡಾಂಗಣ ಸೇರಿತು. ಕೊನೆಯ ಮೆಟ್ಟಿಲುಗಳನ್ನು ಹತ್ತಿದವನು ಯೊಶಿನೊರಿ ಸಕಾಯ್, ವಸೆಡಾ ವಿಶ್ವವಿದ್ಯಾಲಯದ ಹತ್ತೊಂಬತ್ತರ ವಿದ್ಯಾರ್ಥಿ. ಅವನು ಒಲಿಂಪಿಕ್ ತಂಡದಲ್ಲಿ ಇರಲಿಲ್ಲ. ಹುಟ್ಟಿದ್ದು 1945ರ ಆಗಸ್ಟ್ 6ರಂದು, ಹಿರೋಶಿಮಾ ಪ್ರಾಂತದಲ್ಲಿ, ಅಣುಬಾಂಬ್ ಬಿದ್ದ ದಿನವೇ. ಬೆಂಕಿಯಲ್ಲಿ ಬೆಂದ ನಾಡು ತನ್ನ ಬೆಂಕಿಯನ್ನು ಕೊನೆಗೆ ಯಾರ ಕೈಗೆ ಕೊಡಬೇಕೆಂದು ಎಷ್ಟು ಯೋಚಿಸಿರಬೇಕು! ಸೇನಾಪತಿಗೆ ಕೊಡಲಿಲ್ಲ, ಮಂತ್ರಿಗೆ ಕೊಡಲಿಲ್ಲ. ತರಗತಿಯಲ್ಲಿ ಕೂತು ಪಾಠ ಕೇಳುವ ವಯಸ್ಸಿನ ಹುಡುಗನಿಗೆ ಕೊಟ್ಟಿತು. ಬರ್ಲಿನ್‌ನಲ್ಲಿ ಹೊರಟ ಪದ್ಧತಿ ಇಪ್ಪತ್ತೆಂಟು ವರ್ಷದಲ್ಲಿ ಇಲ್ಲಿಗೆ ಬಂದು ಮುಟ್ಟಿತು. ಪದ್ಧತಿಗೆ ಅದರದೇ ಪುಣ್ಯ ಪಾಪ ಇಲ್ಲ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದೇ ಎಲ್ಲ ಎಂದು ಆ ಹುಡುಗಿಗೆ ಹೇಳಿದೆ. ಆ ವರ್ಷ ಅವಳು ಓಡಿದಳು.

ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವ ಕಡೆ, ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಕಡಲ ಜೀವಶಾಸ್ತ್ರ ಓದಲು ಎಲ್ಲೆಲ್ಲಿಂದಲೋ ಮಕ್ಕಳು ಅಲ್ಲಿಗೆ ಬರುತ್ತಾರೆ. ಅಂಥ ಮಕ್ಕಳು ಸಿಕ್ಕಾಗ ನಾನು ಹೇಳುವ ಸಂಗತಿ ಬೇರೆ. 2000ದ ಜೂನ್ 27ರಂದು, ಸಿಡ್ನಿ ಕೂಟದ ಜ್ಯೋತಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳ ದಿಬ್ಬಗಳ ಸಾಲಿನಲ್ಲಿ ನೀರೊಳಗೇ ಸಾಗಿತು. ಸುಮಾರು ಮೂರು ನಿಮಿಷ ಅದನ್ನು ಹಿಡಿದು ಈಜಿದವರು ವೆಂಡಿ ಕ್ರೇಗ್ ಡಂಕನ್, ಕಡಲ ಜೀವಶಾಸ್ತ್ರಜ್ಞೆ. ಉರಿಯಲು ಬೇಕಾದ ಆಮ್ಲಜನಕವನ್ನು ತನ್ನ ಮಿಶ್ರಣದಲ್ಲೇ ಇಟ್ಟುಕೊಂಡ ವಿಶೇಷ ಪಂಜು ಅದು. ನೆಲದ ಮೇಲಿನ ಪಂಜಿನ ಉರಿ ಗಾಳಿಮಳೆಗೆ ನಂದದ ಹಾಗೆ ರೂಪಿಸುವುದರಲ್ಲಿ ಅಡಿಲೇಡ್ ವಿಶ್ವವಿದ್ಯಾಲಯದ ಎಂಜಿನಿಯರುಗಳ ಪಾಲಿತ್ತು. ಓಡುವ ಕಾಲಷ್ಟೇ ಕ್ರೀಡಾಜ್ಯೋತಿಗೆ ಬೇಕಾದದ್ದಲ್ಲ ಎಂದು ಪ್ರಯೋಗಾಲಯದಲ್ಲಿ ದಿನ ಕಳೆಯುವ ಮಕ್ಕಳಿಗೆ ಗೊತ್ತಾಗಬೇಕು. ಕಿಟಕಿಯ ಕೆಳಗೇ ಜ್ಯೋತಿ ಹಾದುಹೋಗಲಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಗಾಳಿಯ ದಿಕ್ಕು ಅಳೆದು, ಎಣ್ಣೆಯ ಮಿಶ್ರಣ ಪರೀಕ್ಷಿಸಿ ಕೊಡಿ ಎಂದು ಕೇಳಿದರೆ ವಿಜ್ಞಾನದ ಮಕ್ಕಳು ಕುಣಿದು ಬರುತ್ತಾರೆ. ಆಟದ ದಿನವೆಂದರೆ ಮನೆಗೆ ಹೋಗುವ ದಿನ ಎಂದುಕೊಂಡಿದ್ದವರು ಅವರೇ.

ಇನ್ನೊಂದು ಮಾತು. ಇದನ್ನು ಬಿಟ್ಟು ಉತ್ತರ ಕನ್ನಡದಲ್ಲಿ ಓಟದ ವಿಷಯ ಬರೆಯಲು ನನಗೆ ಮನಸ್ಸು ಬಾರದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ಆಫ್ರಿಕ ಮೂಲದ ಸಿದ್ದಿಗಳು ತಲೆಮಾರುಗಳಿಂದ ಇದ್ದಾರೆ. 1980ರ ದಶಕದ ಉತ್ತರಾರ್ಧದಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದ ಕಾಲಕ್ಕೆ, ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ಯಿತು. ಮೂಲ ಆಫ್ರಿಕದವರು, ಒಲಿಂಪಿಕ್ ಪದಕ ತಂದೇ ತರುತ್ತಾರೆ ಎಂಬ ಎಣಿಕೆ ಅದರ ಹಿಂದಿತ್ತು. ಆ ಎಣಿಕೆ ನನಗೆ ಒಪ್ಪಿಗೆಯಿಲ್ಲ. ಮಗುವಿನ ರಕ್ತ ನೋಡಿ ಓಟ ಲೆಕ್ಕ ಹಾಕುವುದು ಯಾವ ತರಬೇತುದಾರನಿಗೂ ಶೋಭಿಸದು. ಆದರೆ ಮಕ್ಕಳು ಓಡಿದರು, ರಾಷ್ಟ್ರಮಟ್ಟದ ಕೂಟಗಳಲ್ಲಿ ಪದಕ ಗೆದ್ದರು. ಅಷ್ಟರಲ್ಲಿ, 1990ರ ದಶಕದ ಆರಂಭದಲ್ಲಿ, ಯೋಜನೆ ನಿಂತುಹೋಯಿತು. ಬೂಟು, ಪೌಷ್ಟಿಕ ಊಟ, ಬೆಳಗಿನ ಸೀಟಿಯ ಸದ್ದಿಗೆ ಹೊಂದಿಕೊಂಡಿದ್ದ ಹದಿಹರೆಯದವರು ಊರಿಗೆ ಮರಳಿ ಕೂಲಿಗೆ, ಗದ್ದೆಗೆ ಇಳಿದರು. ಕ್ರೀಡೆಯ ಬಲದಿಂದ ನೌಕರಿ ಹಿಡಿದವರೂ ಇದ್ದಾರೆ, ಆಮೇಲೆ ಬೇರೆ ಪ್ರಯತ್ನಗಳೂ ಆಗಿವೆ, 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆಯೂ ಬಂತು. ಆದರೆ ಆ ಒಂದು ತಲೆಮಾರು ಪಂಜು ಹಿಡಿದು ಓಡಿ ಬಂದಾಗ, ಕೈ ಬದಲಾಗಬೇಕಾದ ಜಾಗದಲ್ಲಿ ಯಾರೂ ನಿಂತಿರಲಿಲ್ಲ.

ಅವರ ಊರುಗಳಿಂದ ಈಗ ಪದವಿ ಓದಲು ಬರುವ ಮಕ್ಕಳು ಇದ್ದಾರೆ. ಅವರನ್ನು ಕಂಡ ಕೂಡಲೇ ‘ಓಡ್ತೀಯಾ?’ ಎಂದು ಕೇಳುವ ಚಟ ನಮ್ಮ ವೃತ್ತಿಯವರಿಗೆ ಇದೆ. ನಾನು ಮೊದಲು ಯಾವ ವಿಷಯ ತೆಗೆದುಕೊಂಡಿದ್ದೀಯಾ ಎಂದು ಕೇಳುತ್ತೇನೆ, ಹಾಸ್ಟೆಲ್ ಸಿಕ್ಕಿತಾ ಎಂದು ಕೇಳುತ್ತೇನೆ. ಓಡುವುದು ಅವರಿಗೆ ಇಷ್ಟವಿದ್ದರೆ ತಾವೇ ಮೈದಾನಕ್ಕೆ ಬರುತ್ತಾರೆ. ಬಂದಾಗ ಮೈದಾನದಲ್ಲಿ ಯಾರಾದರೂ ಇರಬೇಕು, ಪರೀಕ್ಷೆಯ ತಿಂಗಳಲ್ಲೂ, ಮಳೆಗಾಲದಲ್ಲೂ. ಕಾರವಾರದ ಮಳೆಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಟ್ರ್ಯಾಕ್ ಎಂಬುದು ಕೆಸರು ಗದ್ದೆ. ಆ ನಾಲ್ಕು ತಿಂಗಳು ಮಕ್ಕಳನ್ನು ಹಿಡಿದಿಟ್ಟುಕೊಳ್ಳುವುದೇ ನಮ್ಮ ಕೆಲಸದ ಅತಿ ಕಷ್ಟದ ಭಾಗ. ಹಾಸ್ಟೆಲ್ಲಿನ ಉದ್ದನೆಯ ಜಗಲಿಯಲ್ಲಿ ವ್ಯಾಯಾಮ ಮಾಡಿಸಿದ್ದೇವೆ, ಮೆಟ್ಟಿಲು ಹತ್ತಿಸಿ ಇಳಿಸಿದ್ದೇವೆ. ಇದ್ಯಾವುದಕ್ಕೂ ಫೋಟೋ ತೆಗೆಯುವವರು ಬರುವುದಿಲ್ಲ.

ಫೋಟೋದ ಮಾತು ಬಂತು, ಹೇಳಿಬಿಡುತ್ತೇನೆ. ಅತಿಥಿಗಳು ಮೊದಲ ಪಂಜು ಹಿಡಿಯುವುದು, ಅತಿಥಿಗಳೇ ಕೊನೆಗೆ ಮೈದಾನದ ಅಗ್ನಿಕುಂಡ ಹೊತ್ತಿಸುವುದು, ನಡುವೆ ಒಂದಿಷ್ಟು ಮಕ್ಕಳು ಓಡುವುದು ಎಲ್ಲ ಕಡೆ ರೂಢಿ. 2008ರ ಏಪ್ರಿಲ್ 17ರಂದು ಬೀಜಿಂಗ್ ಕೂಟದ ಜ್ಯೋತಿ ದೆಹಲಿಗೆ ಬಂದಾಗ, ಟಿಬೆಟನ್ನರ ಪ್ರತಿಭಟನೆಯ ಅಂಜಿಕೆಯಿಂದ ದಾರಿಯನ್ನು ಮೊಟಕುಗೊಳಿಸಿ ರಾಜಪಥದ ಒಂದಿಷ್ಟು ದೂರಕ್ಕೆ ಇಳಿಸಿದ್ದರು. ಎರಡೂ ಬದಿ ಪೊಲೀಸರು, ನೋಡಬೇಕಾದ ಜನ ದೂರ. ನಮ್ಮ ಮುಂಡಗೋಡಿನಲ್ಲಿ ದೊಡ್ಡ ಟಿಬೆಟನ್ ನೆಲೆಯೇ ಇದೆ, ಅವರ ನೋವನ್ನು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಫುಟ್‌ಬಾಲಿಗ ಭೈಚುಂಗ್ ಭುಟಿಯಾ ತಾನು ಪಂಜು ಹಿಡಿಯುವುದಿಲ್ಲ ಎಂದು ಮೊದಲೇ ಹೇಳಿದ್ದರು. ಮರುವರ್ಷ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಇನ್ನು ಮುಂದೆ ದೇಶದೇಶ ಸುತ್ತುವ ಯಾತ್ರೆ ಬೇಡ, ಗ್ರೀಸ್ ಮತ್ತು ಕೂಟ ನಡೆಸುವ ದೇಶದಲ್ಲಿ ಮಾತ್ರ ಸಾಕು ಎಂದು ತೀರ್ಮಾನಿಸಿತು. ಜನರ ನಡುವೆ ಹೋಗಲಾರದ ಜ್ಯೋತಿ ಹೋಗದಿರುವುದೇ ಸರಿ ಎಂದು ನನಗೂ ಅನ್ನಿಸಿತು. ಕಾಲೇಜಿನ ಗೇಟು ದಾಟಲು ಹಿಂಜರಿಯುವ ನಮ್ಮ ಪುಟ್ಟ ಪಂಜಿಗೂ ಇದೇ ಮಾತು ಸಲ್ಲುತ್ತದೆ. ಬೆಂಕಿಯ ಭಯಕ್ಕೆ ಮರಳಿನ ಬಕೆಟ್ಟು, ಒದ್ದೆ ಗೋಣಿ, ಪಕ್ಕದಲ್ಲಿ ಓಡುವ ಇಬ್ಬರು ಹಿರಿಯ ವಿದ್ಯಾರ್ಥಿಗಳು ಇದ್ದರೆ ಸಾಕು. ಪಾಠ ಕೆಡುವುದು ಅರ್ಧ ಗಂಟೆ.

ಈ ಸಲದ ದಾರಿಯನ್ನು ನಾನು ಹೀಗೆ ಬರೆದು ಕೊಟ್ಟಿದ್ದೇನೆ. ಬೆಳಿಗ್ಗೆ ಏಳಕ್ಕೆ ಕಡಲತೀರದಲ್ಲಿ ಹೊತ್ತಿಸುವುದು ಕಳೆದ ವರ್ಷ ಕೊನೆಯ ಪಂಜು ಹಿಡಿದವಳು. ಅವಳೀಗ ಎರಡನೆಯ ವರ್ಷದಲ್ಲಿದ್ದಾಳೆ. ಊರೊಳಗಿನ ಹಾದಿಯಲ್ಲಿ ಗ್ರೀನ್ ಸ್ಟ್ರೀಟಿನ ತಿರುವಿನವರೆಗೆ ಕ್ರೀಡಾ ತಂಡದವರು. ಗೇಟಿನಲ್ಲಿ ಕಾವಲಿನ ಅಣ್ಣ ಪಂಜು ತೆಗೆದುಕೊಳ್ಳುತ್ತಾರೆ, ಗ್ರಂಥಾಲಯದ ಮುಂದೆ ಅಲ್ಲಿನ ಸಹಾಯಕಿ, ಕ್ಯಾಂಟೀನಿನ ಹಿಂದೆ ಅಡುಗೆಯ ಅಕ್ಕ. ಓಡಲಾಗದಿದ್ದರೆ ನಡೆದರಾಯಿತು. ಅತಿಥಿಗಳಿಗೆ ಒಂದು ಕೈ ಇಟ್ಟಿದ್ದೇನೆ, ಹಾಸ್ಟೆಲ್ಲಿನ ಅಂಗಳದಿಂದ ಪ್ರಯೋಗಾಲಯದವರೆಗೆ, ನಡುವಿನಲ್ಲಿ. ಕುಂಡ ಹೊತ್ತಿಸುವುದು ಮಾತ್ರ ಮೊದಲ ವರ್ಷದ ವಿದ್ಯಾರ್ಥಿಗೇ ಎಂದು ಕೆಳಗೆ ಗೆರೆ ಎಳೆದು ಬರೆದಿದ್ದೇನೆ. ಪ್ರಾಂಶುಪಾಲರು ಓದಿ, ಕೊನೆಯ ವರ್ಷದವರಿಗೆ ಬೇಸರವಾಗುವುದಿಲ್ಲವೇ, ಅವರಿಗೆ ಇದೇ ಕೊನೆಯ ಕೂಟವಲ್ಲವೇ ಎಂದು ಕೇಳಿದರು. ‘ಅವರು ಮಾರ್ಚಿನಲ್ಲಿ ಹೋಗ್ತಾರೆ ಸರ್. ಬರುವ ವರ್ಷ ಕಡಲತೀರದಲ್ಲಿ ಹೊತ್ತಿಸೋಕೆ ಇಲ್ಲಿ ಇರೋರು ಬೇಕಲ್ಲ’ ಎಂದೆ. ಅವರು ಸಹಿ ಹಾಕಿದರು.